ಎರಡು ಓರೆಗೆರೆ

"ಇದರಲ್ಲಿ ಬ್ರಾಕೆಟ್ಟಿಗೆ ಜಾಗ ಇಲ್ಲ ಸಾರ್," ಎಂದು ಹೂವಿನ ಅಂಗಡಿಯವನು ರಿಬ್ಬನ್ನನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು ತೋರಿಸಿದ. ಬಿಳಿ ರಿಬ್ಬನ್ನಿನ ಮೇಲೆ ನೇರಳೆ ಅಕ್ಷರದಲ್ಲಿ 'ಮುಖ್ಯ ಕಾರ್ಯನಿರ್ವಾಹಕರು, ರಾಷ್ಟ್ರೀಯ ಶಿಕ್ಷಣ ಪ್ರಾಧಿಕಾರ' ಎಂದು ಬರೆಯುವಷ್ಟರಲ್ಲೇ ರಿಬ್ಬನ್ನು ಮುಗಿದುಹೋಗಿತ್ತು.

"ಜಾಗ ಮಾಡಿ," ಅಂದ ಅಧೀನ ಕಾರ್ಯದರ್ಶಿ. ಸಚಿವಾಲಯದ ಪರವಾಗಿ ಹೂಗುಚ್ಛ ಇಡಲು ಬಂದವನು ಅವನು, ಮೂವತ್ತೈದು ದಾಟಿರಲಿಲ್ಲ. "ಪ್ರಭಾರ ಅನ್ನೋದು ಇರಲೇಬೇಕು. ನಾಳೆ ಪೇಪರಲ್ಲಿ ಫೋಟೋ ಬರುತ್ತೆ. ಇವರನ್ನ ಕಾಯಂ ಮಾಡಿದ್ದು ಯಾವಾಗ ಅಂತ ಯಾರಾದ್ರೂ ಅರ್ಜಿ ಹಾಕಿದ್ರೆ ಉತ್ತರ ಕೊಡೋನು ನಾನು."

"ಸತ್ತ ಮೇಲೂ ಪ್ರಭಾರನಾ ಸಾರ್?"

ಹೂವಿನವನು ತಮಾಷೆಗೆ ಕೇಳಿರಲಿಲ್ಲ, ಆದ್ದರಿಂದ ಯಾರೂ ನಗಲಿಲ್ಲ. ಪ್ರಾಧಿಕಾರದ ಉಪನಿರ್ದೇಶಕಿ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ರಿಬ್ಬನ್ನಿನ ಅಂಚಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ '(ಪ್ರ)' ಎಂದು ಬರೆದಳು. ಕಚೇರಿಯಲ್ಲಿ ಅದು ಅಂಗೀಕೃತ ಸಂಕ್ಷೇಪ. ಅಧೀನ ಕಾರ್ಯದರ್ಶಿ ಕಣ್ಣು ಕಿರಿದು ಮಾಡಿ ಓದಿ, ಸಾಕು ಎಂಬಂತೆ ತಲೆ ಆಡಿಸಿದ. ಮೂವತ್ತು ಹೆಜ್ಜೆ ಆಚೆ, ಮನೆಯ ಹಜಾರದ ನಡುವೆ, ಸತ್ತವರು ಬಿಳಿ ಹೊದಿಕೆಯಡಿ ಮಲಗಿದ್ದರು. ಇಷ್ಟು ಮಾಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಅವರನ್ನು ಕಚೇರಿಯವರೆಲ್ಲ ಪ್ರಭಾರಿ ಸಾಹೇಬರು ಎಂದೇ ಕರೆಯುತ್ತಿದ್ದರು. ಪ್ರಭಾರ ಎಂದರೆ, ಸರಿಯಾದ ಮನುಷ್ಯ ಸಿಗುವ ತನಕ ನೀನು ನೋಡಿಕೊಂಡಿರು ಎಂದರ್ಥ. ಎಲ್ಲ ಕಡೆಯೂ ಅದು ಮೂರು ತಿಂಗಳ ಮಾತು. ಇವರು ಹತ್ತೊಂಬತ್ತು ವರ್ಷ ನೋಡಿಕೊಂಡಿದ್ದರು. ದೇಶದ ಶಾಲೆಗಳಿಗೆಲ್ಲ ಪಠ್ಯ, ಪರೀಕ್ಷೆ, ಮೇಷ್ಟ್ರ ತರಬೇತಿ ಎಲ್ಲವನ್ನೂ ನಿರ್ಧರಿಸುವ ಪ್ರಾಧಿಕಾರಕ್ಕೆ ಒಬ್ಬ ಕಾಯಂ ಮುಖ್ಯಸ್ಥ ಬೇಕೆಂದು ಪ್ರತಿ ವರ್ಷ ಜಾಹೀರಾತು ಹೊರಡುತ್ತಿತ್ತು, ಪ್ರತಿ ವರ್ಷ ಯಾರೂ ಸಿಗುತ್ತಿರಲಿಲ್ಲ. ಅರವತ್ತಕ್ಕೆ ಅವರು ನಿವೃತ್ತಿಯಾಗಬೇಕಿತ್ತು. 'ಕಾಯಂ ನೇಮಕಾತಿ ಆಗುವವರೆಗೆ ಸೇವೆಯನ್ನು ಮುಂದುವರಿಸಲಾಗಿದೆ' ಎಂಬ ಒಂದು ಹಾಳೆ ಬಂತು. ಎರಡು ಸಲ ರಾಜೀನಾಮೆ ಕೊಟ್ಟರು. 'ಕಾಯಂ ಮುಖ್ಯಸ್ಥರು ಬಂದ ನಂತರ ಪರಿಶೀಲಿಸಲಾಗುವುದು' ಎಂಬ ಷರಾದೊಂದಿಗೆ ಎರಡೂ ವಾಪಸು ಬಂದವು. ಸಾಯುವುದಕ್ಕೆ ಮಾತ್ರ ಯಾರ ಮಂಜೂರಾತಿಯೂ ಬೇಕಾಗಲಿಲ್ಲ. ನಿನ್ನೆ ಬೆಳಿಗ್ಗೆ ಹನ್ನೊಂದೂವರೆಗೆ, ಅರವತ್ತೆಂಟನೇ ವಯಸ್ಸಿನಲ್ಲಿ, ಮುಂದೆ ಕಡತ ತೆರೆದುಕೊಂಡು ಕೂತ ಹಾಗೇ ಹೋಗಿಬಿಟ್ಟಿದ್ದರು. ಜವಾನ ಚಹಾ ಇಟ್ಟು ಹೋದವನು ಕಾಲು ಗಂಟೆ ಬಿಟ್ಟು ಬಂದು ನೋಡಿ, ಸಾಹೇಬರು ಯೋಚನೆಯಲ್ಲಿದ್ದಾರೆ ಎಂದುಕೊಂಡು, ತಣ್ಣಗಾದ ಚಹಾ ತೆಗೆದು ಬಿಸಿಯದು ಇಟ್ಟು ಹೋಗಿದ್ದ.

"ಮೇಡಂ, ಎಲ್ಲಾ ಮುಗಿದ ಮೇಲೆ ಎರಡು ನಿಮಿಷ ನಿಂತ್ಕೊಳ್ಳಿ," ಅಧೀನ ಕಾರ್ಯದರ್ಶಿ ದನಿ ತಗ್ಗಿಸಿದ. "ಆದೇಶ ತಂದಿದ್ದೀನಿ. ಇವತ್ತಿನ ತಾರೀಕಲ್ಲೇ ಪ್ರಭಾರ ವಹಿಸ್ಕೋಬೇಕು. ಕುರ್ಚಿ ಒಂದಿನಾನೂ ಖಾಲಿ ಬಿಡೋ ಹಾಗಿಲ್ಲ."

"ಯಾರು ವಹಿಸ್ಕೊಳ್ಳೋದು?"

"ಹಿರಿತನದ ಪಟ್ಟಿ ಮಾಡೋರೇ ನೀವು. ನನ್ನ ಕೇಳ್ತೀರಾ?"

"ನನಗೆ ಇನ್ನು ನಾಲ್ಕು ತಿಂಗಳು ಸರ್ವೀಸು ಇರೋದು."

"ಅದಕ್ಕೆ ತಲೆ ಕೆಡಿಸ್ಕೋಬೇಡಿ. ಕಾಯಂ ನೇಮಕಾತಿ ಆಗೋವರೆಗೆ ಸೇವೆ ತಾನಾಗೇ ಮುಂದುವರಿಯುತ್ತೆ." ಒಳ್ಳೆಯ ಸುದ್ದಿ ಹೇಳುವವನ ಮುಖದಲ್ಲೇ ಅವನು ಇದನ್ನು ಹೇಳಿದ.

ಆ ಕಾಯಂ ನೇಮಕಾತಿ ಯಾವತ್ತೂ ಆಗುವುದಿಲ್ಲ ಎಂದು ಗೊತ್ತಿದ್ದವರು ಈ ಲೋಕದಲ್ಲಿ ಇಬ್ಬರೇ ಎಂದು ಅವಳು ತಿಳಿದಿದ್ದಳು. ಒಬ್ಬರು ಹಜಾರದಲ್ಲಿ ಮಲಗಿದ್ದರು.

* * *

ಹತ್ತೊಂಬತ್ತು ವರ್ಷದ ಹಿಂದೆ ಅವಳು ನೇಮಕಾತಿ ವಿಭಾಗದ ಮೂಲೆ ಮೇಜಿನ ಗುಮಾಸ್ತೆ. ಅದೇ ಕಚೇರಿಯಲ್ಲಿದ್ದ ಗಂಡ ತೀರಿಕೊಂಡದ್ದಕ್ಕೆ ಅನುಕಂಪದ ಮೇಲೆ ಸಿಕ್ಕಿದ ನೌಕರಿ. ಇನ್ನೂ ಒಂದು ವರ್ಷ ತುಂಬಿರಲಿಲ್ಲ, ಸಣ್ಣ ತಪ್ಪಿಗೂ ಮನೆಗೆ ಕಳಿಸಬಹುದಿತ್ತು. ಮಗಳಿಗೆ ನಾಲ್ಕು ವರ್ಷ.

ಮುಖ್ಯಸ್ಥರ ಹುದ್ದೆಗೆ ಎಂಥವರು ಬೇಕೆಂದು ಗೊತ್ತುಮಾಡಲು ಮೂವರು ತಜ್ಞರ ಸಮಿತಿ ಮೂರು ದಿನ ಕೂತಿತ್ತು. ಬರೆದುಕೊಳ್ಳಲು ಇವಳು ಬಾಗಿಲ ಪಕ್ಕ ಕೂತಿದ್ದಳು. ಮೂರನೇ ದಿನ ಸಮಿತಿಯ ಹಿರಿಯರು ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ, "ಪಿಎಚ್.ಡಿ. ಆದವರಿರಲಿ, ಇಪ್ಪತ್ತು ವರ್ಷ ಶಾಲೆ ನಡೆಸಿದವರಿರಲಿ, ಹದಿನೈದು ವರ್ಷ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರಿರಲಿ, ಯಾವುದೋ ಒಂದಿದ್ರೆ ಸಾಕಪ್ಪ," ಅಂದರು. ವಯಸ್ಸು ಐವತ್ತು ಮೀರಿರಬಾರದು. ಇವಳು ಮೂರು ಅರ್ಹತೆಗಳ ನಡುವೆ ಎರಡು ಓರೆಗೆರೆ ಎಳೆದು ಬರೆದುಕೊಂಡಳು. ಅವರು ಅದಕ್ಕೇ ಸಹಿ ಹಾಕಿ ಊರಿಗೆ ಹೋದರು.

ಗೆಜೆಟ್ಟಿನಲ್ಲಿ ಓರೆಗೆರೆ ಹಾಕುವಂತಿಲ್ಲ, ಪದದಲ್ಲೇ ಬರೆಯಬೇಕೆಂದು ನಿಯಮ. ಮುದ್ರಣಾಲಯದವನು ಬಂದು ಅವಳ ಮೇಜಿನ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದ. ಅತ್ತ ಶಿಶುವಿಹಾರದಿಂದ ಎರಡನೇ ಸಲ ಫೋನು: ಮಗುವಿಗೆ ಮೈ ಸುಡುತ್ತಿದೆ, ಬಂದು ಕರೆದುಕೊಂಡು ಹೋಗಿ. ಅವಳು ಮೊದಲ ಗೆರೆಯ ಜಾಗದಲ್ಲಿ 'ಮತ್ತು' ಎಂದು ಟೈಪು ಮಾಡಿದಳು. ಎರಡನೆಯದರಲ್ಲೂ 'ಮತ್ತು'. ಯಾಕೆ ಹಾಗಾಯಿತೆಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಅರ್ಜಿ ಮತ್ತು ಲಗತ್ತು, ಮೂಲ ಮತ್ತು ನಕಲು, ದಿನಾಂಕ ಮತ್ತು ಸಮಯ ಎಂದು ದಿನವಿಡೀ ಬರೆದ ಬೆರಳಿಗೆ ಅದೇ ರೂಢಿಯಾಗಿತ್ತೋ ಏನೋ. ಅಂದೇ ಬೆಳಿಗ್ಗೆ ಪ್ರಭಾರ ವಹಿಸಿಕೊಂಡ ಸಾಹೇಬರು ಓಣಿಯಲ್ಲಿ ಎದುರಾದರು. ನಿಂತ ನಿಲುವಿನಲ್ಲೇ, ಹಾಳೆಯನ್ನು ಗೋಡೆಗೆ ಒತ್ತಿ ಸಹಿ ಹಾಕಿದರು. ಆ ಕುರ್ಚಿಯ ಹೆಸರಲ್ಲಿ ಅವರ ಮೊದಲ ಸಹಿ ಅದು.

ಗೆಜೆಟ್ಟಿನಲ್ಲಿ ಬಂದದ್ದು ಕಾನೂನಾಯಿತು. ಪಿಎಚ್.ಡಿ. ಮತ್ತು ಇಪ್ಪತ್ತು ವರ್ಷ ಶಾಲೆ ಮತ್ತು ಹದಿನೈದು ವರ್ಷ ವಿಶ್ವವಿದ್ಯಾಲಯ, ವಯಸ್ಸು ಐವತ್ತರೊಳಗೆ. ಲೆಕ್ಕ ಹಾಕಿದರೆ ಆ ಮನುಷ್ಯ ಹದಿನೈದನೇ ವಯಸ್ಸಿಗೆ ಹೆಡ್‌ಮಾಸ್ತರಾಗಿ ಕೂತಿರಬೇಕು. ಲೆಕ್ಕ ಯಾರು ಹಾಕುತ್ತಾರೆ? ಮಂತ್ರಿಗಳು, ನಮ್ಮ ಮಾನದಂಡ ಅಷ್ಟು ಕಠಿಣ ಎಂದು ಸಭೆಗಳಲ್ಲಿ ಎದೆ ತಟ್ಟಿಕೊಂಡರು.

ಎರಡು ತಿಂಗಳಾದ ಮೇಲೆ ಸಾಹೇಬರು ಅವಳನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಸಮಿತಿಯ ಹಾಳೆಯೂ ಗೆಜೆಟ್ಟೂ ಅಕ್ಕಪಕ್ಕ ಇದ್ದವು.

"ಇಲ್ಲಿ ಓರೆಗೆರೆ ಇದೆ. ಇದನ್ನ ಅಥವಾ ಅಂತಾನೂ ಓದಬಹುದು, ಮತ್ತು ಅಂತಾನೂ ಓದಬಹುದು. ನೀವು ಆ ಕೋಣೇಲಿದ್ರಿ. ಅವರು ಏನಂದ್ರು?"

ಬರವಣಿಗೆಯ ದೋಷವಾದರೆ ತಿದ್ದಲು ನಿಯಮವಿತ್ತು. ತಪ್ಪು ಬರೆದವರು 'ಇದು ನನ್ನಿಂದಾಯಿತು' ಎಂದು ಲಿಖಿತ ಹೇಳಿಕೆ ಕೊಡಬೇಕು. ಹೇಳಿಕೆ ಕೊಟ್ಟರೆ ಅವಳು ಆ ತಿಂಗಳೇ ಬೀದಿಗೆ ಬೀಳುತ್ತಿದ್ದಳು.

"ಮತ್ತು ಅಂತಲೇ ಅಂದ್ರು ಸಾರ್."

ಅವರು ಅವಳನ್ನೇ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಅವತ್ತು ಮಗೂಗೆ ಜ್ವರ ಇತ್ತಂತಲ್ಲ. ಬಿಡ್ತಾ?"

"ಬಿಡ್ತು ಸಾರ್."

"ಸರಿ, ಹೋಗಿ," ಎಂದು ಅವರು ಕಡತ ಮುಚ್ಚಿದರು.

* * *

ಹಿತ್ತಿಲ ಕಡೆಯ ಮೆಟ್ಟಿಲ ಮೇಲೆ ನಿಂತು ಅವಳು ಮಗಳ ಫೋನು ತೆಗೆದುಕೊಂಡಳು. ಮಗಳಿಗೆ ಈಗ ಇಪ್ಪತ್ಮೂರು; ಬೇರೆ ಊರಲ್ಲಿ ಸಣ್ಣದೊಂದು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾಳೆ, ಅಂಗಡಿಯ ಮೇಲೇ ಎರಡು ಕೋಣೆಯ ಮನೆ.

"ಅಮ್ಮಾ, ಸಾವಿನ ಮನೇಲಿದ್ದೀಯ ಅಂತ ಗೊತ್ತು, ಒಂದೇ ಮಾತು. ನಿನ್ನ ಕೋಣೆ ಪರದೆಗೆ ಬಟ್ಟೆ ನೋಡ್ತಿದ್ದೀನಿ. ಹಸಿರೋ ನೀಲಿಯೋ?"

"ಯಾವುದಾದ್ರೂ ಆಗುತ್ತೆ ಕಣೆ."

"ಯಾವುದಾದ್ರೂ ಅನ್ನಬೇಡ. ಜೀವನಪೂರ್ತಿ ಆಫೀಸಿನ ಖಾಕಿ ಪರದೆ ನೋಡಿದ್ದೀಯ. ನಾಲ್ಕೇ ತಿಂಗಳಲ್ವಾ, ಈಗಲೇ ಹೊಲಿಸಿಡ್ತೀನಿ."

"ಆಮೇಲೆ ಹೇಳ್ತೀನಿ," ಎಂದು ಅವಳು ಫೋನಿಟ್ಟಳು.

ಒಳಗಿನಿಂದ ಸಾಹೇಬರ ಹೆಂಡತಿ ಕರೆದರು. "ಬನ್ನಿಯಮ್ಮ ಇಲ್ಲಿ, ಒಂದು ಕೈ ಹಿಡೀರಿ. ಇವರ ಒಳ್ಳೇ ಅಂಗಿ ಯಾವ ಡಬ್ಬದಲ್ಲಿದೆಯೋ, ಹುಡುಕಿ ಹುಡುಕಿ ಸಾಕಾಯ್ತು. ಮಾಸಿದ್ದು ಹಾಕಿ ಕಳಿಸೋಕೆ ಮನಸ್ಸು ಬರ್ತಿಲ್ಲ."

ಮಲಗುವ ಕೋಣೆಯಲ್ಲಿ ಮಂಚ ಬಿಟ್ಟರೆ ಉಳಿದದ್ದೆಲ್ಲ ರಟ್ಟಿನ ಡಬ್ಬ. ಸೂರಿನ ತನಕ ಪೇರಿಸಿದ್ದರು. ಒಂದೊಂದರ ಮೇಲೂ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಹೊಸ ಮನೆ, ಪುಸ್ತಕ. ಹೊಸ ಮನೆ, ಪಾತ್ರೆ. ಹೊಸ ಮನೆ, ಅವರ ಬಟ್ಟೆ. ಅವಳು ಈ ಕೋಣೆಗೆ ಹಿಂದೆಂದೂ ಕಾಲಿಟ್ಟಿರಲಿಲ್ಲ.

"ಅರವತ್ತು ತುಂಬಿದ ದಿನ ಕಟ್ಟಿದ್ದು," ಅಂದರು ಅವರು, ಹಗ್ಗದ ಗಂಟಿಗೆ ಹಲ್ಲು ಹಾಕುತ್ತ. "ಸರ್ಕಾರಿ ಮನೆ, ತಿಂಗಳೊಳಗೆ ಬಿಡಬೇಕಲ್ಲ. ನಮ್ಮ ತಂಗಿ ಊರಲ್ಲಿ ಸಣ್ಣ ಮನೆ ನೋಡಿದ್ವಿ. ಎದುರಿಗೇ ಕೆರೆ. ಬಾಡಿಗೆಗೆ ಕೊಡ್ತೀನಿ ಅಂದೋನು ಎರಡು ವರ್ಷ ಕಾದ, ಆಮೇಲೆ ಬೇರೆಯವರಿಗೆ ಕೊಟ್ಟ. ಬಿಚ್ಚೋಣ ಅಂದ್ರೆ ಇವರು, ಬೇಡ, ಇವತ್ತೋ ನಾಳೆಯೋ ಆದೇಶ ಬರುತ್ತೆ, ಮತ್ತೆ ಯಾರು ಕಟ್ಟೋದು ಅಂತಿದ್ರು. ಎಂಟು ವರ್ಷದಿಂದ ಎರಡು ತಟ್ಟೆ, ಎರಡು ಲೋಟ, ನಾಲ್ಕು ಜೊತೆ ಬಟ್ಟೇಲಿ ಸಂಸಾರ. ಇಲಿ ಎರಡು ಸಲ ಮರಿ ಹಾಕಿದ್ವು ಈ ಪುಸ್ತಕದ ಡಬ್ಬದಲ್ಲಿ. ಅವಕ್ಕಾದರೂ ಹೊಸ ಮನೆ ಆಯ್ತು."

ಇಬ್ಬರೂ ಸೇರಿ ಒಂದು ಡಬ್ಬ ಇಳಿಸಿದರು. ಮೇಲೆ ಸ್ವೆಟರು, ಕೆಳಗೆ ಕಾಗದದಲ್ಲಿ ಸುತ್ತಿದ ಚಪ್ಪಲಿ, ಅಂಗಿ ಇಲ್ಲ.

"ಯಾರೋ ಗುಮಾಸ್ತೆ ಒಂದು ಪದ ತಪ್ಪು ಬರೆದಳಂತೆ," ಅವರು ಮುಂದಿನ ಡಬ್ಬಕ್ಕೆ ಕೈ ಹಾಕುತ್ತ, ಮಳೆ ಬಿಸಿಲಿನ ಮಾತಾಡುವಷ್ಟೇ ಸಲೀಸಾಗಿ ಅಂದರು. "ಅದೊಂದು ಪದಕ್ಕೆ ಇಷ್ಟೂ ಆಗಿದ್ದು. ನಿಮಗೆ ಗೊತ್ತಿರಬೇಕಲ್ಲ, ನೀವು ಆ ವಿಭಾಗದಲ್ಲೇ ಇದ್ರಿ ಅಲ್ವಾ? ಹೆಸರು ಹೇಳಿ ಅಂದ್ರೆ ಇವರು ಬಾಯಿ ಬಿಡ್ತಿರಲಿಲ್ಲ. ನಾನು ಹೋಗಿ ಜುಟ್ಟು ಹಿಡಿದು ಕೇಳ್ತೀನಿ ಅಂದೆ. 'ಓದದೆ ಸಹಿ ಹಾಕಿದೋನು ನಾನು, ನನ್ನ ಜುಟ್ಟು ಹಿಡಿ' ಅಂತಿದ್ರು. ತಲೇಲಿ ನಾಲ್ಕು ಕೂದಲಿದ್ದಿದ್ರೆ ಹಿಡೀತಿದ್ದೆ."

ಉಪನಿರ್ದೇಶಕಿಯ ಕೈಯಲ್ಲಿದ್ದ ಹಗ್ಗ ಅಲ್ಲೇ ನಿಂತಿತು. "ಅವರು ಅವಳನ್ನ ಕೇಳಬಹುದಿತ್ತಲ್ಲ," ಎಂದು ಅವಳು ಹೇಗೋ ಅಂದಳು.

"ಕೇಳಿದ್ರಂತೆ ಒಂದು ಸಲ. ಸುಳ್ಳು ಹೇಳಿದಳಂತೆ. ಪಾಪ, ಮಗು ಚಿಕ್ಕದು, ಗಂಡ ಇಲ್ಲ, ಇನ್ನೊಂದು ಸಲ ಕೇಳಿ ಸುಳ್ಳುಗಾರ್ತಿ ಮಾಡಲ್ಲ ಅಂದ್ರು. ಅವಳೇ ಬಂದು ಹೇಳ್ತಾಳೆ, ಹೇಳೋ ಹುಡುಗೀನೇ, ಕಾಯೋಣ ಅಂದ್ರು." ಅವರು ಡಬ್ಬದಿಂದ ತಲೆ ಎತ್ತಲಿಲ್ಲ. "ಕಾದ್ರು. ಮೊದಲು ಸಿಟ್ಟಿತ್ತು. ಬಾತ್‌ರೂಮಲ್ಲಿ ಒಬ್ಬರೇ ಬೈಕೋತಿದ್ರು. ಆಮೇಲೆ ಅದೂ ಹೋಯ್ತು. ಕೊನೆ ಕೊನೆಗೆ ಕಾಯ್ತಿದ್ದಾರೋ ಇಲ್ವೋ ನನಗೂ ಗೊತ್ತಾಗ್ತಿರಲಿಲ್ಲ. ಹ್ಞಾ, ಸಿಕ್ತು ನೋಡಿ."

ನೀಲಿ ಗೆರೆಯ ಅಂಗಿ. ಎಂಟು ವರ್ಷ ಮಡಿಸಿಟ್ಟ ಕಡೆಯೆಲ್ಲ ಹಳದಿ ಗೆರೆ ಬಿದ್ದಿತ್ತು. ಅವರು ಅದನ್ನು ಎದೆಗೆ ಹಿಡಿದು ನೋಡಿ, "ಇಷ್ಟು ದೊಡ್ಡದಾ," ಅಂದರು. "ಎಷ್ಟು ಇಳಿದುಬಿಟ್ಟಿದ್ರು ನೋಡಿ." ಆಗ ಮಾತ್ರ ಅತ್ತರು.

* * *

ಅವರು ಎರಡನೇ ಸಲ ಕೇಳಲಿಲ್ಲ ಎಂಬುದು ಪೂರ್ತಿ ನಿಜವಲ್ಲ.

ಪ್ರತಿ ವರ್ಷ ಜಾಹೀರಾತಿನ ಕರಡು ಹಿಡಿದುಕೊಂಡು ಅವಳೇ ಅವರ ಮುಂದೆ ನಿಲ್ಲಬೇಕಾಗಿತ್ತು. ಮೇಲಿನವರು ಒಬ್ಬೊಬ್ಬರೇ ವರ್ಗ ಮಾಡಿಸಿಕೊಂಡು ಕಾಲು ಕೀಳುತ್ತಿದ್ದ ಹಾಗೆ ಅವಳು ಗುಮಾಸ್ತೆಯಿಂದ ಅಧೀಕ್ಷಕಿ, ಅಲ್ಲಿಂದ ಸಹಾಯಕ ನಿರ್ದೇಶಕಿ, ಆಮೇಲೆ ಉಪನಿರ್ದೇಶಕಿಯಾದಳು. ಆ ಕರಡು ಮಾತ್ರ ಕೈ ಬಿಡಲಿಲ್ಲ. ಅವರು ಅದನ್ನು ಮೊದಲಿಂದ ಕೊನೆವರೆಗೆ ಓದುತ್ತಿದ್ದರು, ಮೊದಲ ದಿನ ಓದದ್ದಕ್ಕೆ ದಂಡ ತೆರುವಂತೆ. ಓದಿ ಪೆನ್ನು ಕೈಗೆತ್ತಿಕೊಂಡು ಕೇಳುತ್ತಿದ್ದರು, "ಏನಾದ್ರೂ ತಿದ್ದೋದಿದೆಯಾ?"

"ಇಲ್ಲ ಸಾರ್."

ಐದನೇ ವರ್ಷ ಹೇಳಿಬಿಡಬೇಕೆಂದು ತಲೆಸ್ನಾನ ಮಾಡಿ, ಹೊಸ ಬಟ್ಟೆ ಉಟ್ಟು, ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದಳು. ನೌಕರಿ ಕಾಯಂ ಆಗಿತ್ತು, ಹೋದರೆ ಹೋಗಲಿ ಎಂಬ ಧೈರ್ಯವೂ ಇತ್ತು. ಕೋಣೆಯಲ್ಲಿ ಮೂವರು ಸೂಟುಧಾರಿಗಳು ಕೂತಿದ್ದರು. ದೊಡ್ಡ ಹುದ್ದೆಗೆ ಜನ ಹುಡುಕಿಕೊಡುವ ಕಂಪನಿಯವರು. ನೂರಾನಲವತ್ತು ಪುಟದ ವರದಿ ತಂದಿದ್ದರು. ಸಾರಾಂಶ, ಇಂಥ ಮನುಷ್ಯ ಭೂಮಿಯ ಮೇಲೆ ಇಲ್ಲ. "ಇದ್ದಾರೆ, ಹುಡುಕಿ," ಎಂದು ಸಾಹೇಬರು ಅವರನ್ನು ಕಳಿಸಿ, ಇವಳ ಕಡೆ ತಿರುಗಿ ನಕ್ಕರು. ಆ ನಗುವಿನ ಮುಂದೆ ಅವಳ ಬಾಯಿಗೆ ಬೀಗ ಬಿತ್ತು. ಐದು ವರ್ಷ ಸುಮ್ಮನಿದ್ದದ್ದೇ ಈಗ ಮೂಲ ತಪ್ಪಿಗಿಂತ ದೊಡ್ಡದಾಗಿ ಕಂಡಿತು. ಆರನೇ ವರ್ಷ ಅದು ಆರು ವರ್ಷದ್ದಾಯಿತು.

ಹನ್ನೆರಡನೇ ವರ್ಷ ಒಂದು ಅರ್ಜಿ ಬಂತು, ಎಲ್ಲ ಅರ್ಹತೆಯೂ ಇದ್ದದ್ದು. ಪಿಎಚ್.ಡಿ., ಇಪ್ಪತ್ತೆರಡು ವರ್ಷ ಶಾಲೆ, ಹದಿನಾರು ವರ್ಷ ವಿಶ್ವವಿದ್ಯಾಲಯ. ವಯಸ್ಸು ಎಪ್ಪತ್ತೊಂದು. 'ವಯೋಮಿತಿಯಲ್ಲಿ ಕೊಂಚ ಸಡಿಲಿಕೆ ಕೋರುತ್ತೇನೆ' ಎಂದು ನಡುಗುವ ಅಕ್ಷರದಲ್ಲಿ ಬರೆದಿದ್ದರು. ಸಾಹೇಬರೂ ಅವಳೂ ಆ ಕಾಗದ ಓದಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು. ನಗು ನಿಂತ ಮೇಲೆ ಅವರು ಅವಳ ಮುಖ ನೋಡುತ್ತ ಕಾದರು. ಹೇಳುವುದಾಗಿದ್ದರೆ ಆಗ ಹೇಳಬಹುದಿತ್ತು.

ಕೊನೆಯ ಕರಡು ಮೂರು ವಾರದ ಹಿಂದಿನದು. ಅವರ ಸಹಿ ಗೆರೆ ಬಿಟ್ಟು ಕೆಳಗಿಳಿದಿತ್ತು. ಅವತ್ತು ಅವರು ಏನನ್ನೂ ಕೇಳಲಿಲ್ಲ. ಕೇಳುತ್ತಾರೆಂದು ಅವಳು ಎರಡು ನಿಮಿಷ ಹೆಚ್ಚಿಗೆ ನಿಂತಿದ್ದಳು. "ಇನ್ನೇನಮ್ಮ?" ಅಂದರು ಅವರು. ಅವಳು ಹೊರಗೆ ಬಂದಳು.

* * *

ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿಕೊಂಡ ಮೇಲೆ ಕಚೇರಿಯವರು ಎರಡೆರಡಾಗಿ ವ್ಯಾನಿನ ಕಡೆ ನಡೆದರು. ಅಧೀನ ಕಾರ್ಯದರ್ಶಿ ಒಂದು ಸಿಮೆಂಟು ಬೆಂಚಿನ ಧೂಳು ಕರವಸ್ತ್ರದಿಂದ ಕೊಡವಿ, ಚೀಲದಿಂದ ಆದೇಶ ತೆಗೆದು, ಹಾರಿಹೋಗದಂತೆ ಮೇಲೆ ತನ್ನ ಫೋನಿಟ್ಟ.

"ಇಲ್ಲಿ ಒಂದು ಸಹಿ, ಕೆಳಗೆ ಒಂದು. ಸಮಯ ಬರೀಬೇಕು."

"ಸಹಿಗೆ ಮೊದಲು ಒಂದು ಮಾತಿದೆ," ಅಂದಳು ಅವಳು. ಹೇಳಿದಳು. ಸಮಿತಿಯ ಕೋಣೆ, ಎರಡು ಓರೆಗೆರೆ, ಮಗುವಿನ ಜ್ವರ, 'ಮತ್ತು', ಆಮೇಲೆ ಹೇಳಿದ ಸುಳ್ಳು. ಹತ್ತೊಂಬತ್ತು ವರ್ಷ ಹೊಟ್ಟೆಯೊಳಗಿಟ್ಟುಕೊಂಡದ್ದನ್ನು ಹೇಳಿ ಮುಗಿಸಲು ನಾಲ್ಕು ನಿಮಿಷ ಸಾಕಾಯಿತು. "ನಾನು ಹೇಳಿಕೆ ಬರೆದುಕೊಡ್ತೀನಿ. ಈಗಲೇ. ಪದ ತಿದ್ದಿಸಿ. ಕಾಯಂ ಜನ ಬರಲಿ. ನನ್ನ ಏನು ಮಾಡ್ತೀರೋ ಮಾಡಿ."

ಅವನು ಕೆಟ್ಟವನಲ್ಲ, ಕೇಳುತ್ತ ಕೇಳುತ್ತ ಅವನ ಮುಖ ಪೆಚ್ಚಾಗಿತ್ತು. ಆಮೇಲೆ ಫೋನಿನಲ್ಲಿ ನಿಯಮಾವಳಿ ತೆಗೆದು ಅವಳ ಮುಂದೆ ಹಿಡಿದ.

"ಎರಡನೇ ಸಾಲು ಓದಿ ಮೇಡಂ."

ಆ ನಿಯಮವನ್ನು ಅವಳು ಎಷ್ಟೋ ಸಲ ತೆರೆದಿದ್ದಳು. ಆದರೆ ಓದಿದಾಗಲೆಲ್ಲ ಕಣ್ಣು ಮೊದಲ ಸಾಲಿಗೇ, 'ದೋಷವೆಸಗಿದವರ ಲಿಖಿತ ಹೇಳಿಕೆ' ಎಂಬಲ್ಲಿಗೇ ನಿಂತುಬಿಡುತ್ತಿತ್ತು. ಅಲ್ಲಿ ಅವಳ ಹೆಸರೇ ಬರೆದಂತೆ ಕಾಣುತ್ತಿತ್ತು. ಅದರ ಕೆಳಗೆ ಏನಿದೆಯೆಂದು ಅವಳು ಯಾವತ್ತೂ ನಿಂತು ನೋಡಿರಲಿಲ್ಲ. ಈಗ ನೋಡಿದಳು: 'ಮತ್ತು ಮೂಲ ಆದೇಶಕ್ಕೆ ಸಹಿ ಮಾಡಿದವರ ದೃಢೀಕರಣ.'

"ಬರೆದವರು ಬೇಕು, ಸಹಿ ಹಾಕಿದವರೂ ಬೇಕು," ಅಂದ ಅವನು. "ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಹೇಳಿದ್ರೂ ಆಗ್ತಿತ್ತು."

ಹಿಂದೆ ಕಟ್ಟಡದ ಒಳಗೆ ಏನೋ ಗುಂಯ್ ಎಂದು ಸುತ್ತುತ್ತಿತ್ತು. ಅವಳು ಬೆಂಚಿನ ಮೇಲೆ ಕೂತಳು.

"ಸಚಿವಾಲಯ ನಿಯಮ ಬದಲಾಯಿಸಬಹುದಲ್ಲ?"

"ಪ್ರಾಧಿಕಾರ ಸ್ವಾಯತ್ತ. ಕಾಯಂ ಮುಖ್ಯಸ್ಥರು ಕೇಳದೆ ನಾವು ಕೈ ಹಾಕೋ ಹಾಗಿಲ್ಲ." ಅವನು ಸುತ್ತ ನೋಡಿ ದನಿ ಇಳಿಸಿದ. "ಹಾಕೋ ಆತುರ ಮೇಲೆ ಯಾರಿಗೂ ಇಲ್ಲ ಮೇಡಂ. ಪ್ರಭಾರದಲ್ಲಿರೋರು ಹೇಳಿದ ಮಾತು ಕೇಳ್ತಾರೆ."

"ಹಾಗಾದ್ರೆ ನನ್ನ ಮೇಲೆ ಕ್ರಮ ತಗೊಳ್ಳಿ. ಕೆಲಸದಿಂದ ತೆಗೀರಿ."

"ನಿಮ್ಮ ದರ್ಜೆಯೋರ ಮೇಲೆ ಆ ಅಧಿಕಾರ ಕಾಯಂ ಮುಖ್ಯಸ್ಥರಿಗೆ ಮಾತ್ರ ಇರೋದು."

ಅವಳ ಚೀಲದಲ್ಲಿ ಫೋನು ಒಮ್ಮೆ ನಡುಗಿತು. ಮಗಳು ಬಟ್ಟೆಯ ಚಿತ್ರ ಕಳಿಸಿರಬೇಕು. ಶಿಕ್ಷೆ ಬೇಕೆಂದು ಕೇಳಿದರೂ ಸಿಗದ ಜಾಗದಲ್ಲಿ ತಾನಿದ್ದೇನೆ, ಅವರೂ ಇಲ್ಲೇ ಇದ್ದರು, ಇಷ್ಟು ವರ್ಷ ಅವರನ್ನು ಹೊರಗೆ ಬಿಡಬಹುದಾಗಿದ್ದ ಕೀಲಿ ತನ್ನ ನಾಲಗೆಯ ಮೇಲೇ ಇತ್ತು ಎಂಬುದು ಅವಳಿಗೆ ಒಂದೇ ಸಲಕ್ಕೆ ಪೂರ್ತಿ ಅರ್ಥವಾಯಿತು. ಅಧೀನ ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಅವಳು ಎರಡೂ ಕಡೆ ಸಹಿ ಹಾಕಿ, ಹನ್ನೆರಡು ಗಂಟೆ ಹತ್ತು ನಿಮಿಷ ಎಂದು ಬರೆದಳು.

"ಅಭಿನಂದನೆ ಅಂತ ಹೇಳೋದು ರೂಢಿ," ಅಂದ ಅವನು. "ಇವತ್ತು ಬೇಡ ಬಿಡಿ."

ಅವಳು ಬಂದದ್ದು ಕಚೇರಿಯ ವ್ಯಾನಿನಲ್ಲಿ. ಅದರ ಕಡೆ ನಡೆಯುವಷ್ಟರಲ್ಲಿ ಸಾಹೇಬರ ಕಾರಿನ ಚಾಲಕ ಓಡಿಬಂದು ಅಡ್ಡ ನಿಂತ. ಕಣ್ಣು ಕೆಂಪಾಗಿತ್ತು.

"ಮೇಡಂ, ಈ ಕಡೆ. ಗಾಡಿ ಇನ್ಮೇಲೆ ನಿಮ್ಮದು."

"ಇವತ್ತೊಂದಿನ ಬೇಡ. ಅಮ್ಮನ್ನ ಮನೆಗೆ ಬಿಡು."

"ನೀವು ಹತ್ತದೆ ಗಾಡಿ ಹೊರಡೋ ಹಾಗಿಲ್ಲ ಮೇಡಂ. ಲಾಗ್ ಪುಸ್ತಕದಲ್ಲಿ ಪ್ರಭಾರದೋರ ಹೆಸರು ಬರೀಬೇಕು."

ಹಳೆಯ ಬಿಳಿ ಕಾರು. ಹಿಂದಿನ ಸೀಟಿನ ಎಡಗಡೆ ಸಾಹೇಬರ ಹೆಂಡತಿ ಆಗಲೇ ಕೂತಿದ್ದರು. ಚಾಲಕ ಬಲಗಡೆಯ ಬಾಗಿಲು ತೆಗೆದು ಹಿಡಿದ. ಸೀಟಿನ ಆ ಭಾಗ ಒಬ್ಬರ ಭಾರಕ್ಕೆ ತಗ್ಗು ಬಿದ್ದಿತ್ತು. ಅವಳು ಕೂತಳು, ಬಾಗಿಲು ಮುಚ್ಚಿಕೊಂಡಿತು. ಒಳಗೆ ಹೂವಿನ ವಾಸನೆಯೂ ಬಿಸಿಲಿಗೆ ಕಾದ ಚರ್ಮದ ವಾಸನೆಯೂ ಸೇರಿ ಉಸಿರುಗಟ್ಟುವಂತಿತ್ತು.

ಕಾರು ಹೊರಟು ಸ್ಮಶಾನದ ಗೋಡೆ ದಾಟಿತು.

"ಅಮ್ಮ," ಅಂದಳು ಅವಳು. "ಆ ಗುಮಾಸ್ತೆ ನಾನೇ."

ಅವರು ತಿರುಗಿ ನೋಡಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಚಾಲಕ ಕನ್ನಡಿಯಿಂದ ಕಣ್ಣು ತೆಗೆದ. ಒಂದು ಸಿಗ್ನಲ್ಲು ಬಂತು, ಹೋಯಿತು. ಇನ್ನೊಂದು ಬಂತು. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ, ಜುಟ್ಟು ಹಿಡಿದರೂ ಸರಿ ಎಂದು ಅವಳು ಕಾದಳು. ಬೆವರು ಕುತ್ತಿಗೆಗೆ ಇಳಿಯುತ್ತಿತ್ತು. ತಡೆಯಲಾರದೆ ಅವಳು ಕಿಟಕಿಯ ಹಿಡಿಕೆಗೆ ಕೈ ಹಾಕಿ ತಿರುಗಿಸಿದಳು.

"ಆ ಕಡೇದು ಇಳಿಯಲ್ಲ," ಅಂದರು ಸಾಹೇಬರ ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. "ಅವರು ಕೂತಾಗಿನಿಂದ ಹಾಗೇ ಇದೆ."

ಹಿಡಿಕೆ ಅವಳ ಕೈಯಲ್ಲಿ ಹಗುರವಾಗಿ ಒಂದು ಸುತ್ತು ಬಂತು. ಗಾಜು ಇದ್ದಲ್ಲೇ ಇತ್ತು. ಅವಳು ಮತ್ತೆ ತಿರುಗಿಸಿದಳು.